ಸೌಟನಹಳ್ಳಿಯ ರಾಜ ಸಾಸಿವೆ ನೋಡಿದ್ದು

ಒಂದಾನೊಂದು ಊರಿನಲ್ಲಿ, ಸೌಟನಹಳ್ಳಿ ಅಂತ ಅದರ ಹೆಸರು, ಮುದ್ದುವೀರ ಅನ್ನುವ ರಾಜನಿದ್ದ. ಇನ್ನೂ ಹತ್ತಿರ ಬಂದು ಕೂತುಕೊಳ್ಳಿ, ಹೇಳುತ್ತೇನೆ. ರಾಜ ಕೆಟ್ಟವನಲ್ಲ. ಯುದ್ಧಕ್ಕೆ ಹೋಗುತ್ತಿರಲಿಲ್ಲ, ಬೇಟೆಗೂ ಹೋಗುತ್ತಿರಲಿಲ್ಲ. ಅವನಿಗಿದ್ದದ್ದು ಒಂದೇ ಹುಚ್ಚು. ಒಗ್ಗರಣೆ ಹಾಕುವಾಗ ಸಾಸಿವೆ ಸಿಡಿಯುತ್ತದಲ್ಲ, ಅದು ಸಿಡಿಯುವ ಗಳಿಗೆಯನ್ನು ಕಣ್ಣಾರೆ ನೋಡಬೇಕು.

ಏಳು ವರ್ಷ ಅವನು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತ. ಸಾಸಿವೆ ಎಣ್ಣೆಯಲ್ಲಿ ಇರುತ್ತಿತ್ತು. ಆಮೇಲೆ ಗೋಡೆಯ ಮೇಲೆ ಇರುತ್ತಿತ್ತು. ನಡುವೆ ಏನಾಯಿತು ಅನ್ನುವುದು ಮಾತ್ರ ಕಾಣುತ್ತಿರಲಿಲ್ಲ.

ಎಂಟನೆಯ ವರ್ಷ ರಾಣಿಯ ತಮ್ಮ ದೂರದ ದೇಶದಿಂದ ಬೆಂಕಿಪೊಟ್ಟಣದಷ್ಟು ಗಾತ್ರದ ಕ್ಯಾಮೆರಾ ತಂದುಕೊಟ್ಟ. ಬೈಕು ಓಡಿಸುವವರು, ಬೆಟ್ಟದಿಂದ ಹಾರುವವರು ತಲೆಗೆ ಕಟ್ಟಿಕೊಳ್ಳುತ್ತಾರಲ್ಲ, ಆ ಥರದ್ದು. ರಾಜ ಅದನ್ನು ಒಗ್ಗರಣೆ ಸೌಟಿಗೆ ಕಟ್ಟಿಸಿದ. ವಿಡಿಯೊ ಹಾಕಿ ನೋಡಿದರೆ ಒಂದು ಚಿತ್ರದಲ್ಲಿ ಸಾಸಿವೆ ಎಣ್ಣೆಯಲ್ಲಿ, ಮುಂದಿನ ಚಿತ್ರದಲ್ಲಿ ಗೋಡೆಯ ಮೇಲೆ. ನಡುವಿನದು ಕ್ಯಾಮೆರಾದಲ್ಲೂ ಇಲ್ಲ.

ರಾಜ ಯೋಚಿಸಿದ. ಊರಲ್ಲಿ ದಿನಾ ಎಷ್ಟೋ ಲಕ್ಷ ಸಾಸಿವೆ ಯಾರೂ ನೋಡದೆ ಸಿಡಿದುಹೋಗುತ್ತಿವೆ, ಎಲ್ಲ ದಂಡ. ಅವತ್ತೇ ಡಂಗುರ ಹೊಡೆಸಿದ. ಸಾಸಿವೆ ಸಿಡಿಯುವುದನ್ನು ರಾಜರು ನೋಡುವವರೆಗೆ ಊರಲ್ಲಿ ಯಾರೂ ಒಗ್ಗರಣೆ ಹಾಕಕೂಡದು.

ಒಗ್ಗರಣೆ ಇಲ್ಲದ ಸಾರು, ಒಗ್ಗರಣೆ ಇಲ್ಲದ ಪಲ್ಯ, ಒಗ್ಗರಣೆ ಇಲ್ಲದ ಚಟ್ನಿ. ಮೊದಲ ತಿಂಗಳಿಗೆ ಜನ ಮಾತು ಕಡಿಮೆ ಮಾಡಿದರು. ಎರಡನೆಯ ತಿಂಗಳಿಗೆ ನಾಲ್ಕು ಮದುವೆ ಮುರಿದವು. ಊಟಕ್ಕೆ ಏನು ಅಂತ ಕೇಳಿದ ಬೀಗರು ಚಾಪೆಯಿಂದ ಎದ್ದು ಹೋದರು. ಮೂರನೆಯ ತಿಂಗಳಿಗೆ ನಾಯಿಗಳೂ ಎಂಜಲೆಲೆ ಮೂಸಿ ಮುಂದಕ್ಕೆ ಹೋದವು.

ಆ ಊರಲ್ಲಿ ಹೊನ್ನಾಜಮ್ಮ ಅಂತ ಒಬ್ಬಳಿದ್ದಳು. ಗಡಿಯಾರ, ರೇಡಿಯೊ, ಮೊಬೈಲು ರಿಪೇರಿ ಮಾಡುವವಳು. ಅವಳ ಅತ್ತೆ ಸಿದ್ದಮ್ಮನಿಗೆ ಎಂಬತ್ತು ದಾಟಿತ್ತು. ಘಮ ಇಲ್ಲದ್ದು ಗಂಟಲಲ್ಲಿ ಇಳಿಯುವುದಿಲ್ಲ ಅಂತ ಅತ್ತೆ ಊಟ ಬಿಟ್ಟಳು. ಬರೀ ಎರಡು ಗುಟುಕು ಮಜ್ಜಿಗೆ. ದಿನದಿಂದ ದಿನಕ್ಕೆ ಹಗುರಾದಳು. ಕೊನೆಗೆ ಗಾಳಿ ಬೀಸಿದರೆ ಹಾರಿಹೋಗದ ಹಾಗೆ ಅವಳ ಸೆರಗನ್ನು ಕಿಟಕಿಯ ಸರಳಿಗೆ ಕಟ್ಟಿ ಕೂರಿಸಬೇಕಾಯಿತು. ಸೊಸೆ ಆ ಗಂಟು ಹಾಕುವಾಗ ಅತ್ತಳು. ಆಮೇಲೆ ತಿರುಪುಳಿಯ ಚೀಲ ಎತ್ತಿಕೊಂಡು ಅರಮನೆಗೆ ನಡೆದಳು.

ಕ್ಯಾಮೆರಾದ ತಿರುಪು ಬಿಚ್ಚಿದಾಗ ಅದು ಮಾತಾಡಿತು. ಸೆಕೆಂಡಿಗೆ ಮೂವತ್ತು ಚಿತ್ರ ತೆಗೆಯಬೇಕು ಅಂತ ತನಗೆ ಬರೆದಿದೆಯಂತೆ, ಅಷ್ಟೇ ತೆಗೆಯುವುದಂತೆ.

“ಎಲ್ಲಿ ಬರೆದಿದೆ?” ಅಂದಳು ಹೊನ್ನಾಜಮ್ಮ.

“ಹಣೆಯಲ್ಲಿ. ನೀವು ಫರ್ಮ್‌ವೇರ್ ಅನ್ನುತ್ತೀರಿ, ನಾವು ಹಣೆಬರಹ ಅನ್ನುತ್ತೇವೆ.”

“ನಿನ್ನ ಕಣ್ಣಿಗೆ ಅದಕ್ಕಿಂತ ಹೆಚ್ಚು ಆಗುವುದಿಲ್ಲವೇ?”

“ಆಗುತ್ತದೆ ತಾಯಿ. ಆದರೆ ಅಂಗಡಿಯಲ್ಲಿ ನನ್ನ ಪಕ್ಕ ನಮ್ಮಣ್ಣ ಕೂತಿರುತ್ತಾನೆ. ಅವನ ಬೆಲೆ ಜಾಸ್ತಿ. ನಾನೂ ಅವನಷ್ಟೇ ತೆಗೆದರೆ ಅವನನ್ನು ಯಾರು ಕೊಳ್ಳುತ್ತಾರೆ?”

ಹಣೆಬರಹ ಅಳಿಸುವುದು ಮಹಾಪಾಪ ಅಂತ ಆಸ್ಥಾನದ ಶಾಸ್ತ್ರಿಗಳು ಅಡ್ಡ ಬಂದರು. ಇದನ್ನು ಬರೆದವನು ಬ್ರಹ್ಮ ಅಲ್ಲ, ಯಾವುದೋ ಕಂಪನಿಯ ಗುಮಾಸ್ತ ಅಂತ ಹೊನ್ನಾಜಮ್ಮ ಹೇಳಿದಳು. ಗುಮಾಸ್ತರ ವಿಚಾರ ಶಾಸ್ತ್ರದಲ್ಲಿ ಎಲ್ಲೂ ಬಂದಿಲ್ಲವಾದ್ದರಿಂದ ಶಾಸ್ತ್ರಿಗಳು ಪಕ್ಕಕ್ಕೆ ಸರಿದರು.

ಅವಳು ತಂತಿ ಹಾಕಿ ಕ್ಯಾಮೆರಾವನ್ನು ಕಂಪ್ಯೂಟರಿಗೆ ಜೋಡಿಸಿದಳು. ಮೂವತ್ತನ್ನು ಅಳಿಸಿ ಅರವತ್ತು ಬರೆದಳು. ಸಾಸಿವೆ ಎಣ್ಣೆಯಲ್ಲಿ, ಸಾಸಿವೆ ಗೋಡೆಯಲ್ಲಿ. ಇನ್ನೂರ ನಲವತ್ತು ಬರೆದಳು. ಎಣ್ಣೆಯಲ್ಲಿ, ಗೋಡೆಯಲ್ಲಿ. ಸಾವಿರ ಬರೆದಳು. ಕ್ಯಾಮೆರಾಗೆ ಕಾವೇರಿತು. ಅದರ ನೆತ್ತಿಗೆ ಹರಳೆಣ್ಣೆ ತಟ್ಟಿ ತಂಪು ಮಾಡಿದಳು.

ಆಗ ಚಿತ್ರ ಕಪ್ಪಾಯಿತು. ಕ್ಯಾಮೆರಾ ಕಾರಣ ಹೇಳಿತು. ಒಂದು ಸೆಕೆಂಡಿನ ಬೆಳಕು ಅಂದರೆ ಒಂದು ರೊಟ್ಟಿ ಇದ್ದಹಾಗೆ. ಮೂವತ್ತು ಚಿತ್ರಕ್ಕೆ ಹಂಚಿದರೆ ತುಂಡು ತುಂಡು ಸಿಗುತ್ತದೆ, ಸಾವಿರಕ್ಕೆ ಹಂಚಿದರೆ ಪುಡಿಯೂ ಸಿಗುವುದಿಲ್ಲ. ಸರಿ, ಒಲೆಯನ್ನು ಅರಮನೆಯ ಅಂಗಳಕ್ಕೆ ತಂದರು. ನಡುಮಧ್ಯಾಹ್ನ ಊರಿನವರೆಲ್ಲ ಹಿತ್ತಾಳೆ ತಟ್ಟೆ ತಂದು, ಸುತ್ತ ನಿಂತು, ಬಿಸಿಲನ್ನು ಸೌಟಿನೊಳಕ್ಕೆ ಬಿಟ್ಟರು.

ಬೆಳಕು ಬಂತು, ಆದರೆ ಚಿತ್ರ ಕಲಸಿದ ಹಿಟ್ಟಿನ ಹಾಗಿತ್ತು. ಜಾಗ ಉಳಿಸಲು ಚಿತ್ರವನ್ನು ಹಿಂಡಿ ಇಡು ಅಂತಲೂ ಬರೆದಿದೆ ಅಂದಿತು ಕ್ಯಾಮೆರಾ. ಹೊನ್ನಾಜಮ್ಮ ಅದನ್ನೂ ಅಳಿಸಿದಳು. ಚಿತ್ರ ಕನ್ನಡಿಯಾಯಿತು. ಆದರೆ ಕಾರ್ಡು ತುಂಬಿಹೋಯಿತು. ಇನ್ನೂ ಮೆಮೊರಿ ಬೇಕು ಅಂದಿತು ಕ್ಯಾಮೆರಾ.

ಮೆಮೊರಿ ಅಂದರೆ ನೆನಪು ತಾನೇ, ಮನೆಗೊಂದು ನೆನಪು ಕೊಡಿ ಅಂತ ರಾಜ ಕೇಳಿಕೊಂಡ. ಜನ ತಮಗೆ ಬೇಡವಾದದ್ದನ್ನು ತಂದರು. ಒಬ್ಬ ಹತ್ತೊಂಬತ್ತರ ಮಗ್ಗಿ ಕೊಟ್ಟ. ಒಬ್ಬಳು ವಾರಗಿತ್ತಿಯ ಜೊತೆಗಿನ ಜಗಳ ಕೊಟ್ಟಳು. ಸಿದ್ದಮ್ಮ ಕಿಟಕಿಯಿಂದಲೇ ಕೈಚಾಚಿ, ಸೊಸೆ ಮನೆಗೆ ಬಂದ ಮೊದಲ ದಿನ ಮುದ್ದೆ ತಳ ಹಿಡಿಸಿದ ನೆನಪು ಕೊಟ್ಟಳು. ಇಪ್ಪತ್ತೆರಡು ವರ್ಷ ಜೋಪಾನ ಮಾಡಿದ್ದು. ಕೊಟ್ಟಮೇಲೆ ಅವಳು ಇನ್ನಷ್ಟು ಹಗುರಾದಳು. ಹೊನ್ನಾಜಮ್ಮ ಎರಡನೆಯ ಗಂಟು ಹಾಕಿದಳು.

ಈಗ ಎಲ್ಲ ಇತ್ತು. ಅವಳು ಸಾವಿರವನ್ನು ಅಳಿಸಿ ಸಾವಿರ ಕೋಟಿ ಬರೆದಳು. ಸೌಟಿಗೆ ಎಣ್ಣೆ ಬಿಟ್ಟರು, ಒಂದೇ ಒಂದು ಸಾಸಿವೆ ಹಾಕಿದರು. ಚಟ್ ಅಂತ ಸದ್ದಾಯಿತು.

“ಸಿಕ್ಕಿತು ಬುದ್ಧಿ,” ಅಂದಳು ಹೊನ್ನಾಜಮ್ಮ. “ಆದರೆ ಪರದೆಗೆ ಸೆಕೆಂಡಿಗೆ ಮೂವತ್ತೇ ಚಿತ್ರ ತೋರಿಸಲು ಬರುತ್ತದೆ. ಈ ಒಂದು ಸೆಕೆಂಡು ನೋಡಿ ಮುಗಿಸಲು ಹತ್ತೂವರೆ ವರ್ಷ ಬೇಕು.”

ಮುಂದಕ್ಕೆ ಓಡಿಸೋಣವೇ ಅಂತ ಮಂತ್ರಿ ಕೇಳಿದ. ಓಡಿಸಿದರೆ ನಡುವಿನದು ಮತ್ತೆ ಕಳೆದುಹೋಗುತ್ತದೆ ಅಂದಿತು ಕ್ಯಾಮೆರಾ. ರಾಜ ದಿಂಬು ತರಿಸಿ ಪರದೆಯ ಮುಂದೆ ಕೂತ.

ಊರಿನವರು ತಂತಮ್ಮ ತಟ್ಟೆ ಎತ್ತಿಕೊಂಡು ಮನೆಗೆ ಹೊರಟರು. ಹತ್ತೂವರೆ ವರ್ಷ ಒಗ್ಗರಣೆ ಇಲ್ಲ. ಹೊನ್ನಾಜಮ್ಮ ಮಾತ್ರ ಹೊರಡಲಿಲ್ಲ.

“ಬುದ್ಧಿ, ತಾವು ಈಗ ಸಾಸಿವೆ ನೋಡುತ್ತಿದ್ದೀರಾ?”

“ನೋಡುತ್ತಿದ್ದೇನೆ.”

“ಅಪ್ಪಣೆಯಲ್ಲಿ ‘ನೋಡುವವರೆಗೆ’ ಅಂತಿದೆ. ‘ನೋಡಿ ಮುಗಿಸುವವರೆಗೆ’ ಅಂತಿಲ್ಲ.”

ರಾಜ ಪರದೆಯಿಂದ ಕಣ್ಣು ತೆಗೆಯದೆ ಹೌದೆಂದು ತಲೆಯಾಡಿಸಿದ. ಅವತ್ತು ಸೌಟನಹಳ್ಳಿಯಲ್ಲಿ ಎಲ್ಲ ಮನೆಯಲ್ಲೂ ಒಟ್ಟಿಗೆ ಚಟಪಟ ಕೇಳಿಸಿತು. ಸಿದ್ದಮ್ಮ ಮೂರು ಸೌಟು ಸಾರು ಉಂಡು, ಎರಡೂ ಗಂಟು ತಾನೇ ಬಿಚ್ಚಿಕೊಂಡು, ನಮ್ಮ ಸೊಸೆಯ ಕೈ ಯಾವತ್ತೂ ತಪ್ಪಿದ್ದೇ ಇಲ್ಲ ಅಂದಳು.

ರಾಜ ನೋಡುತ್ತಾ ಕೂತ. ರಾಜ್ಯವನ್ನು ರಾಣಿ ನೋಡಿಕೊಂಡಳು, ಚೆನ್ನಾಗಿಯೇ ನೋಡಿಕೊಂಡಳು. ಒಂದು ವರ್ಷ ಸಾಸಿವೆ ಅಲ್ಲಾಡಲಿಲ್ಲ. ಮೂರು ವರ್ಷ ಅಲ್ಲಾಡಲಿಲ್ಲ. ರಾಜನಿಗೆ ಮೊದಲು ಬೇಸರವಾಯಿತು, ಆಮೇಲೆ ಸಲಿಗೆಯಾಯಿತು. ತನ್ನ ಸುಖದುಃಖ ಎಲ್ಲ ಅದಕ್ಕೆ ಹೇಳಿಕೊಂಡ. ತುತ್ತು ಯಾರಾದರೂ ಬಾಯಿಗಿಡುತ್ತಿದ್ದರು, ಅವನು ರುಚಿ ನೋಡದೆ ನುಂಗುತ್ತಿದ್ದ.

ಒಂಬತ್ತನೆಯ ವರ್ಷ ಒಂದು ಮಧ್ಯಾಹ್ನ ಸಾಸಿವೆಯ ಹೊಟ್ಟೆಯ ಮೇಲೆ ಕೂದಲೆಳೆಯಂಥ ಗೆರೆ ಕಂಡಿತು. ಸುದ್ದಿ ಹಬ್ಬಿತು. ರಾಣಿ, ಮಂತ್ರಿ, ಶಾಸ್ತ್ರಿ, ಹೊನ್ನಾಜಮ್ಮ, ಎಲ್ಲ ಓಡಿಬಂದರು. ಗೆರೆ ಅಗಲವಾಗುತ್ತಿತ್ತು.

ಅದೇ ಹೊತ್ತಿಗೆ ಅಡುಗೆಯವಳು ಹುರುಳಿಕಾಳಿನ ಬಸ್ಸಾರಿಗೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟಳು. ಘಮ ಬಂತು. ಮೊದಲು ರಾಜನ ಮೂಗು ಎದ್ದಿತು. ಹಿಂದೆಯೇ ರಾಜ ಎದ್ದ. ಸ್ವಲ್ಪ ಇರು, ಉಂಡು ಬರುತ್ತೇನೆ ಅಂತ ಸಾಸಿವೆಗೆ ಹೇಳಿ ಹೋದ. ರಾಜರೇ ಎದ್ದಮೇಲೆ ಉಳಿದವರು ಕೂರುವುದು ಮರ್ಯಾದೆಯಲ್ಲ ಅಂತ ಎಲ್ಲರೂ ಹೋದರು.

ಉಂಡು, ಕೈ ತೊಳೆದು, ಎಲೆಯಡಿಕೆ ಹಾಕಿಕೊಂಡು ಬಂದು ನೋಡಿದರೆ ಸಾಸಿವೆ ಗೋಡೆಯ ಮೇಲಿತ್ತು.

ಹೊನ್ನಾಜಮ್ಮ ಮೆಲ್ಲಗೆ ಮುಂದೆ ಬಂದು, “ಹಿಂದಕ್ಕೆ ತಿರುಗಿಸಲೇ ಬುದ್ಧಿ? ಒಂದು ಗುಂಡಿ ಒತ್ತಿದರೆ ಆಯಿತು,” ಅಂದಳು.

ರಾಜ ಗೋಡೆಯ ಮೇಲಿನ ಸಾಸಿವೆಯನ್ನು ನೋಡಿದ. ಬೆರಳು ಮೂಸಿ ನೋಡಿಕೊಂಡ.

“ಸಾರು ಇನ್ನೂ ಇದೆಯೇ?” ಅಂದ.

ಇತ್ತು. ಆದ್ದರಿಂದ ಮಕ್ಕಳೇ, ಸೆಕೆಂಡಿಗೆ ಎಷ್ಟು ಕೋಟಿ ಚಿತ್ರ ಬೇಕಾದರೂ ತೆಗೆಯಿರಿ, ಊಟದ ಹೊತ್ತಿಗೆ ಮಾತ್ರ ತೆಗೆಯಬೇಡಿ. ಕತೆ ಗೋಡೆಗೆ, ನಾವು ಎಲೆಗೆ. ಏಳಿ.