ಜಡೆ ಹಾಕಿಸಿಕೊಳ್ಳುವವರ ಸಾಲು

"ಅಜ್ಜಾರ, ಎಷ್ಟು ಸಲ ತೋರಿಸಿಕೊಟ್ಟರೂ ಕಲಿಯದ ಕೂಸಿಗೆ ಏನು ಮಾಡಬೇಕ್ರಿ?" ಎಂದು ದಾನಮ್ಮ ಕೇಳಿದಳು.

ಅವಳು ಗುಡಿಸಲುಗಳ ಮಕ್ಕಳು ಬರುವ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದಳು. ತಮ್ಮ ಕೆಲಸ ತಾವೇ ಮಾಡಿಕೊಳ್ಳುವುದನ್ನು ಎಲ್ಲ ಮಕ್ಕಳಿಗೂ ಕಲಿಸಿದ್ದಳು. ಎರಡನೆಯ ತರಗತಿಯ ಒಂದು ಮಗು ಮಾತ್ರ ದಿನಾ ಬೆಳಿಗ್ಗೆ ಅವಳ ಮುಂದೆ ಬಂದು, ಬೂಟಿನ ಲೇಸು ಕಟ್ಟಿಸಿಕೊಳ್ಳಲು ಕಾಲು ಚಾಚುತ್ತಿತ್ತು. ದಾನಮ್ಮನಿಗೆ ಸಾಕಾಗಿ ಹೋಗಿತ್ತು.

ಮಠದ ಅಜ್ಜನವರು ನಕ್ಕರು. "ಹೇಳೂದರಾಗ ನೀ ಗಟ್ಟಿಗಿತ್ತಿ. ಕೇಳೂದರಾಗ ಅಷ್ಟಕ್ಕಷ್ಟೇ. ಈಗರೆ ಕೇಳು" ಎಂದು ಈ ಕತೆ ಹೇಳಿದರು.

ಒಂದು ವಸತಿ ಶಾಲೆಯಲ್ಲಿ ಮೂವತ್ತು ಹುಡುಗಿಯರಿದ್ದರು. ಅವರ ತಂದೆತಾಯಿ ದೀಪಾವಳಿ ಮುಗಿಸಿ ದೂರದ ಸೀಮೆಗೆ ಕಬ್ಬು ಕಡಿಯಲು ಹೋದರೆ ತಿರುಗಿ ಬರುವುದು ಯುಗಾದಿಗೆ. ಅಲ್ಲಿಯವರೆಗೆ ಮಕ್ಕಳಿಗೆ ಇದ್ದವಳು ಒಬ್ಬಳೇ ಶಿಕ್ಷಕಿ. ಅವಳು ಒಳ್ಳೆಯವಳು. ಈ ಮಕ್ಕಳು ಮುಂದೆ ಯಾರೆದುರೂ ಕೈಯೊಡ್ಡಬಾರದು ಎಂಬುದು ಅವಳ ಹಟ. ಬಟ್ಟೆ ಒಗೆಯುವುದು, ಗುಂಡಿ ಹೊಲಿಯುವುದು, ಗಾಯ ತೊಳೆದು ಪಟ್ಟಿ ಕಟ್ಟುವುದು, ಬಸ್ಸಿನ ಬೋರ್ಡು ಓದುವುದು, ಎಲ್ಲ ಕಲಿಸಿದಳು.

ಜಡೆ ಹಾಕಿಕೊಳ್ಳುವುದೊಂದು ಉಳಿದಿತ್ತು. ಮೊದಲು ಮೂವತ್ತು ತಲೆಯನ್ನೂ ಅವಳೇ ಬಾಚುತ್ತಿದ್ದಳು. ಹುಡುಗಿಯರು ಬಾಚಣಿಕೆ ಹಿಡಿದು ಪಡಸಾಲೆಯಲ್ಲಿ ಸಾಲಾಗಿ ಕೂರುತ್ತಿದ್ದರು. ಅವಳು ಕಿಟಕಿಯ ಸರಳಿಗೆ ಮೂರು ಎಳೆ ಸೆಣಬು ಕಟ್ಟಿ ಹೆಣೆಯುವುದನ್ನು ತೋರಿಸಿದಳು. ಕಲಿತವಳು ಸಾಲಿನಿಂದ ಎದ್ದು ಹೋಗಬೇಕು. ಸಾಲು ದಿನದಿನಕ್ಕೆ ಗಿಡ್ಡವಾಯಿತು. ಸಂಕ್ರಾಂತಿಯ ಹೊತ್ತಿಗೆ ಒಬ್ಬಳೇ ಉಳಿದಳು. ದಿನಾ ಕೂದಲು ಕೆದರಿಕೊಂಡು ಬಂದು ಬೆನ್ನು ತಿರುಗಿಸಿ ಕೂರುತ್ತಿದ್ದಳು.

"ನಂಗ ಬರೂದಿಲ್ರಿ ಅಕ್ಕೋರೆ."

ಶಿಕ್ಷಕಿ ತಾಳ್ಮೆ ಕಳೆದುಕೊಂಡಳು. "ಸೋಮವಾರದೊಳಗ ಕಲಿ. ಇಲ್ಲಂದ್ರ ಕೂದಲಾ ಕತ್ತರಿಸಿ ಬಿಡ್ತೀನಿ" ಎಂದಳು. ಹುಡುಗಿಗೆ ಆ ಕೂದಲೆಂದರೆ ಜೀವ. ತಾಯಿ ವಾರವಾರ ಎಣ್ಣೆ ಹಚ್ಚಿ ಬೆಳೆಸಿದ್ದು. ಯುಗಾದಿಗೆ ಬಂದಾಗ ತಾಯಿ ಮೊದಲು ನೋಡುವುದೂ ಅದನ್ನೇ.

ಸೋಮವಾರ ಬಂತು. ಶಿಕ್ಷಕಿ ಕತ್ತರಿ ಹಿಡಿದು ಅವಳನ್ನು ಹುಡುಕಿಕೊಂಡು ಹಿತ್ತಲಿಗೆ ಹೋದಳು. ಹುಡುಗಿ ನೀರಿನ ತೊಟ್ಟಿಯ ಹತ್ತಿರ ಆ ಕಡೆ ಮುಖ ಮಾಡಿ ನಿಂತಿದ್ದಳು. ಅವಳ ಬೆನ್ನ ಮೇಲೆ ಜಡೆಯಿತ್ತು. ಒಂದೆಳೆಯೂ ಆಚೀಚೆ ಆಗದ ಸೊಗಸಾದ ಜಡೆ. ಹಿಂದೆ ಶಿಕ್ಷಕಿ ನಿಂತದ್ದು ತಿಳಿಯದೆ ಹುಡುಗಿ ಅದನ್ನು ಮುಂದಕ್ಕೆ ಎಳೆದುಕೊಂಡು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ರಿಬ್ಬನ್ನು ಜಗ್ಗಿ, ಜಡೆಯನ್ನು ಬುಡದವರೆಗೂ ಬಿಚ್ಚಿ, ಎರಡೂ ಕೈಯಿಂದ ಕೂದಲು ಕೆದರಿಕೊಂಡು ಪಡಸಾಲೆಗೆ ನಡೆದಳು. ಅಲ್ಲಿ ಕತ್ತರಿ ಕಾದಿದೆ ಎಂದೇ ಅವಳು ತಿಳಿದಿದ್ದಳು.

ಶಿಕ್ಷಕಿ ಕತ್ತರಿಯನ್ನು ತೊಟ್ಟಿಯ ಕಟ್ಟೆಯ ಮೇಲೆ ಇಟ್ಟು ಬಂದು ಅವಳ ಹಿಂದೆ ಕೂತಳು. ಬಾಚಣಿಕೆ ತೆಗೆದುಕೊಂಡಳು.

"ಸಾವಕಾಶ ಹಾಕ್ರಿ ಅಕ್ಕೋರೆ" ಎಂದು ಹುಡುಗಿ ಕಣ್ಣು ಮುಚ್ಚಿದಳು.

ಯುಗಾದಿಗೆ ಇನ್ನೂ ಎರಡು ತಿಂಗಳಿತ್ತು.

ಅಜ್ಜನವರು ಕತೆ ನಿಲ್ಲಿಸಿದರು. ದಾನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ದಿನಾ ತನ್ನ ಮುಂದೆ ಚಾಚುವ ಆ ಪುಟ್ಟ ಕಾಲು ಅವಳಿಗೆ ನೆನಪಾಯಿತು.

"ತಿಳೀತ್ರಿ ಅಜ್ಜಾರ. ನಾಳಿಂದ ಆ ಕೂಸಿನ ಲೇಸು ನಾನಽ ಕಟ್ತೀನಿ" ಎಂದು ಅವಳು ನಮಸ್ಕರಿಸಿ ಎದ್ದಳು.

ಅಜ್ಜನವರು ಅವಳನ್ನು ನೋಡಿ ಹೇಳಿದರು: "ಕಟ್ಟವ್ವ, ಆದರ ಕಲ್ತು ಸಾಲಿನಿಂದ ಎದ್ದು ಹೋದ್ರಲ್ಲ, ಆ ಇಪ್ಪತ್ತೊಂಬತ್ತು ಮಂದಿ ತಲಿ ಆಮ್ಯಾಲ ಯಾರು ಮುಟ್ಟಿದ್ರು?"