ಹಸಿ ವಾರ್ನಿಷಿನ ಗಾಳದ ಕೋಲು

ಶಿಷ್ಯ ಶಂಭುಲಿಂಗ ಕೇಳಿದ: "ಗುರುಗಳೇ, ಕಲಿತದ್ದು ಪೂರ್ತಿಯಾಯಿತು ಎಂದು ತಿಳಿಯುವುದು ಹೇಗೆ?"

ಅವನು ಗುರುಗಳ ಬಳಿ ಮುರಿದ ಮೂಳೆ ಕೂಡಿಸುವ ವಿದ್ಯೆಯನ್ನು ಬಹಳ ವರ್ಷಗಳಿಂದ ಕಲಿಯುತ್ತಿದ್ದ. ಅಂದು ಬೆಳಿಗ್ಗೆ ಗುಡ್ಡದಾಚೆಯ ಹಳ್ಳಿಯವರು ಬಂದು, ತಮ್ಮಲ್ಲಿ ಕೈಕಾಲು ಮುರಿದರೆ ನೋಡುವವರೇ ಇಲ್ಲ, ಯಾರನ್ನಾದರೂ ಕಳಿಸಿಕೊಡಿ ಎಂದು ಬೇಡಿಕೊಂಡಿದ್ದರು. ಗುರುಗಳು ಶಂಭುಲಿಂಗನಿಗೆ ಹೋಗೆಂದರು. ಅವನು ಇನ್ನೊಂದು ವರ್ಷ ಕಳೆಯಲಿ ಎಂದ. ಹಾಗೆ ಹೇಳುವುದು ಅವನಿಗೆ ಹೊಸದಲ್ಲ.

ಗುರುಗಳು ಈ ಕತೆ ಹೇಳಿದರು.

ಹೊಳೆದಂಡೆಯ ಒಂದು ಊರಿನಲ್ಲಿ ವೀರಾಚಾರಿ ಎಂಬವನಿದ್ದ. ಗಾಳದ ಕೋಲು ಕಟ್ಟುವುದು ಅವನ ಕಸುಬು. ಒಳ್ಳೆಯ ಬಿದಿರು ಆರಿಸಿ, ಕಾಯಿಸಿ ನೇರ ಮಾಡಿ, ಬುಡದ ರಾಟೆಯಿಂದ ನೂಲು ಹಾದುಹೋಗಲು ಕೋಲಿನುದ್ದಕ್ಕೂ ಸಣ್ಣ ಉಂಗುರಗಳನ್ನು ಕೂರಿಸುತ್ತಿದ್ದ. ಪ್ರತಿ ಉಂಗುರದ ಕಾಲನ್ನೂ ರೇಷ್ಮೆ ದಾರದಿಂದ ಎಳೆಗೆ ಎಳೆ ಒತ್ತಿ ಸುತ್ತುತ್ತಿದ್ದ. ಸುತ್ತಿನ ಮೇಲೆ ವಾರ್ನಿಷ್ ಹಚ್ಚುತ್ತಿದ್ದ. ಅದು ಒಣಗಿದರೆ ದಾರ ಜಾರುವುದಿಲ್ಲ, ಉಂಗುರ ಅಲುಗುವುದಿಲ್ಲ.

ಒಂದು ದಿನ ಕಾಳಿಂಗ ಎಂಬ ಬೆಸ್ತ ಬಂದ. "ಆಚಾರ್ರೇ, ದೊಡ್ಡ ಮೀನೆಲ್ಲ ನಡುಹೊಳೆಯ ಮಡುವಿನಲ್ಲಿವೆ. ದಂಡೆಯಲ್ಲಿ ನಿಂತೇ ಅಲ್ಲಿಗೆ ಗಾಳ ಎಸೆಯಬೇಕು. ಅಂಥ ಕೋಲು ಕಟ್ಟಿಕೊಡ್ತೀರಾ?" ಎಂದ.

ಅಷ್ಟು ಉದ್ದದ ಕೋಲನ್ನು ಆ ಹೊಳೆಯ ಮೇಲೆ ಯಾರೂ ಕಟ್ಟಿರಲಿಲ್ಲ. ವೀರಾಚಾರಿಗೆ ಮೈಯೆಲ್ಲ ಹುರುಪು ಬಂತು. ಊಟದ ಹೊತ್ತು ಮರೆತ. ಕೆಂಪು ರೇಷ್ಮೆ ದಾರ ತಂದ. ಉಂಗುರಗಳನ್ನು ಸುತ್ತಿ ಮುಗಿಸಿ, ವಾರ್ನಿಷನ್ನು ಬೆಚ್ಚಗೆ ಮಾಡಿ ತೆಳ್ಳಗೆ ಹಚ್ಚಿದ. ದಾರ ಅದನ್ನು ಹೀರಿಕೊಂಡಿತು. ಕೆಂಪು ಇನ್ನಷ್ಟು ಗಾಢವಾಯಿತು. "ನೀಲಾ, ಬಾ ಇಲ್ಲಿ, ನೋಡು!" ಎಂದು ಹೆಂಡತಿಯನ್ನು ಕೂಗಿ ಕರೆದ. ವಾರ್ನಿಷ್ ಒಂದೇ ಕಡೆ ಇಳಿಯದಂತೆ ಕೋಲನ್ನು ಕೈಯಲ್ಲಿ ನಿಧಾನವಾಗಿ ತಿರುಗಿಸುತ್ತ ಕೂತ. ಒಣಗಿದ ಮೇಲೆ ಇನ್ನೊಮ್ಮೆ ಹಚ್ಚಿದ. ಅದೂ ಒಣಗಿತು.

ಕಾಳಿಂಗ ಬಂದು ಉಂಗುರಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. "ಕಲ್ಲಿನ ಹಾಗಿದೆಯಲ್ಲ, ಕೊಡಿ" ಎಂದ.

"ಇಲ್ಲೊಂದು ಗುಳ್ಳೆ ಉಳಿದಿದೆ. ನಾಳೆ ಬಾ."

ವೀರಾಚಾರಿ ಗುಳ್ಳೆಯನ್ನು ಕೆರೆದು ಮತ್ತೆ ಹಚ್ಚಿದ. ಈ ಸಲ ದೂಳು ಕೂತಿತು. ಬಾಗಿಲಿಗೆ ಒದ್ದೆ ಬಟ್ಟೆ ಕಟ್ಟಿ ಮತ್ತೆ ಹಚ್ಚಿದ. ಕುಂಚದ ಒಂದು ಕೂದಲು ಅಂಟಿತು. ಪ್ರತಿ ಸಲವೂ ಹಿಂದಿನದಕ್ಕಿಂತ ಚೆನ್ನಾಗಿ ಬಂತು. ಪ್ರತಿ ಸಲವೂ ಇನ್ನೂ ಚೆನ್ನಾಗಿ ಮಾಡಬಹುದು ಎನಿಸಿತು. ಬೇಸಗೆ ಕಳೆಯಿತು. ಕಾಳಿಂಗ ಕೇಳುವುದನ್ನೇ ಬಿಟ್ಟ.

ಬಿಟ್ಟವನು ಮನೆಯಲ್ಲಿ ಕೂರಲಿಲ್ಲ. ದಂಡೆಯಿಂದ ಮಡುವು ಸಿಗದ ಮೇಲೆ, ಮಗಳು ಕೆಂಪಿಯನ್ನು ಕೂರಿಸಿಕೊಂಡು ಹರಿಗೋಲಿನಲ್ಲಿ ನಡುಹೊಳೆಯ ಬಂಡೆಗೇ ಹೋಗತೊಡಗಿದ. ಅಲ್ಲಿಂದ ಬಲೆ ಬಿಡುತ್ತಿದ್ದ.

ಒಂದು ಮಧ್ಯಾಹ್ನ ಮೇಲಿನ ಸೀಮೆಯಲ್ಲಿ ಮಳೆ ಸುರಿದು ಹೊಳೆಗೆ ಏಕಾಏಕಿ ಕೆಂಪು ನೀರು ನುಗ್ಗಿತು. ಊರಿಗೆ ಊರೇ ದಂಡೆಗೆ ಓಡಿತು. ಬಂಡೆ ಅಂಗುಲ ಅಂಗುಲವಾಗಿ ಮುಳುಗುತ್ತಿತ್ತು. ಕಾಳಿಂಗ ಒಂದು ಕೈಯಲ್ಲಿ ಮಗಳನ್ನೂ ಇನ್ನೊಂದರಲ್ಲಿ ಹರಿಗೋಲನ್ನೂ ಹಿಡಿದು ನಿಂತಿದ್ದ. ಆ ಸೆಳೆತದಲ್ಲಿ ಹುಟ್ಟು ಹಾಕಿದರೆ ಹರಿಗೋಲು ಕೆಳಗಿನ ಬಂಡೆಗಳಿಗೆ ಬಡಿದು ಚೂರಾಗುತ್ತಿತ್ತು. ದಂಡೆಯಿಂದ ಎಳೆದುಕೊಳ್ಳಬೇಕು. ಬಲೆ ಎಳೆಯುವ ಉದ್ದನೆಯ ಹಗ್ಗ ಅವನ ಬಳಿಯೇ ಇತ್ತು. ಅದರ ತುದಿಯನ್ನು ದಂಡೆಗೆ ಮುಟ್ಟಿಸುವುದು ಹೇಗೆಂದು ಯಾರಿಗೂ ತೋಚಲಿಲ್ಲ.

ನೀಲಮ್ಮ ಗಂಡನ ತೋಳು ಹಿಡಿದಳು. "ರೀ, ನಿಮ್ಮ ಕೋಲು!"

"ಈಗಷ್ಟೇ ಹಚ್ಚಿ ಬಂದಿದ್ದೇನೆ. ಇನ್ನೂ ಹಸಿ."

"ಹಸಿ ಇರೋದು ಕೋಲು. ಮುಳುಗ್ತಿರೋದು ಮಗು!"

ವೀರಾಚಾರಿ ಓಡಿದ. ಕೋಲನ್ನು ಸಿಕ್ಕಲ್ಲಿ ಹಿಡಿದು ಹೊತ್ತು ತಂದ. ವಾರ್ನಿಷ್ ಅಂಗೈಗೆ ಮೆತ್ತಿಕೊಂಡಿತು. ದಾರಿಯಲ್ಲಿ ಹುಲ್ಲು ಅಂಟಿತು, ಮರಳು ಅಂಟಿತು. ನೂಲಿನ ತುದಿಗೆ ಸೀಸದ ಗುಂಡು ಕಟ್ಟಿ ಬೀಸಿ ಎಸೆದ. ಗುಂಡು ಬಂಡೆಗಿಂತ ಈಚೆ ಬಿತ್ತು. ಜನ ಹೋ ಎಂದು ಕೂಗಿದರು. ಸೊಂಟದವರೆಗೆ ನೀರಿಗೆ ಇಳಿದು ಮತ್ತೆ ಬೀಸಿದ. ಕೋಲು ಸಿಳ್ಳು ಹೊಡೆಯಿತು. ಗುಂಡು ಕಾಳಿಂಗನ ತಲೆಯ ಮೇಲಿಂದ ಹಾರಿಹೋಯಿತು, ನೂಲು ಅವನ ಹೆಗಲ ಮೇಲೆ ಬಿತ್ತು.

ಕಾಳಿಂಗ ಹಗ್ಗವನ್ನು ನೂಲಿಗೆ ಬಿಗಿದ. ಇನ್ನೊಂದು ತುದಿಯನ್ನು ಹರಿಗೋಲಿಗೆ ಕಟ್ಟಿದ. ವೀರಾಚಾರಿ ರಾಟೆಗೆ ನೂಲು ಸುತ್ತತೊಡಗಿದ. ನೆನೆದ ಹಗ್ಗವನ್ನು ಹೊಳೆ ಸೆಳೆತದ ಕಡೆಗೆ ಎಳೆಯಿತು, ಕೋಲು ಬಿಲ್ಲಿನಂತೆ ಬಾಗಿತು. ಒಂದು ಉಂಗುರ ಕಿತ್ತುಬಂದರೂ ನೂಲು ಬಿದಿರಿಗೆ ಉಜ್ಜಿ ತುಂಡಾಗುತ್ತಿತ್ತು. ಅವನು ಕಣ್ಣು ಮಿಟುಕಿಸದೆ ಉಂಗುರಗಳನ್ನೇ ನೋಡುತ್ತ ಸುತ್ತಿದ. ಯಾವುದೂ ಅಲುಗಲಿಲ್ಲ. ಹಗ್ಗದ ತುದಿ ದಂಡೆಗೆ ಬಂತು. ಅಷ್ಟೂ ಕೈಗಳು ಅದರ ಮೇಲೆ ಬಿದ್ದವು. "ಎಳೀರೋ! ಎಳೀರೋ!" ಹರಿಗೋಲು ಗಿರಗಿರ ತಿರುಗುತ್ತ, ಏಳುತ್ತ, ಮುಳುಗುತ್ತ ಬಂದು ಮರಳಿಗೆ ಬಡಿಯಿತು. ಕೆಂಪಿ ಎಗರಿ ಇಳಿದಳು. ಹೆಂಗಸರು ಅಳುತ್ತಲೇ ನಕ್ಕರು. ಗಂಡಸರು ಕಾಳಿಂಗನನ್ನು ಎತ್ತಿ ಕುಣಿದರು.

ವೀರಾಚಾರಿ ಕೋಲನ್ನು ನೋಡಿದ. ಅದರ ತುಂಬ ಹುಲ್ಲು, ಮರಳು, ತನ್ನದೇ ಬೆರಳಿನ ಗುರುತು.

ಕಾಳಿಂಗ ಕೈಚಾಚಿದ. "ಈಗಲಾದರೂ ಕೊಡ್ತೀರಾ, ಆಚಾರ್ರೇ?"

"ಸ್ವಲ್ಪ ಕೆರೆದು, ಇನ್ನೊಂದೇ ಸಲ..." ಎಂದ ವೀರಾಚಾರಿ ಅಲ್ಲಿಗೇ ನಿಲ್ಲಿಸಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಕೋಲನ್ನು ಹಾಗೆಯೇ ಕಾಳಿಂಗನ ಕೈಗೆ ಕೊಟ್ಟ.

ಗುರುಗಳು ಕತೆ ನಿಲ್ಲಿಸಿದರು. ಶಂಭುಲಿಂಗ ಉಸಿರು ಬಿಗಿಹಿಡಿದು ಕೇಳುತ್ತಿದ್ದವನು ಮುಂದಕ್ಕೆ ಸರಿದ. "ಅದು ಹೇಗೆ ಸಾಧ್ಯ, ಗುರುಗಳೇ? ವಾರ್ನಿಷ್ ಹಸಿ ಇರುವಾಗ ಉಂಗುರಗಳು ಹೇಗೆ ನಿಂತವು?"

ಗುರುಗಳು ಹೇಳಿದರು: "ದಾರ ತನಗೆ ಬೇಕಾದಷ್ಟನ್ನು ಎಂದೋ ಕುಡಿದಿತ್ತು, ಅವನು ಇಷ್ಟು ದಿನ ಒಣಗಿಸುತ್ತಿದ್ದುದು ಅದರ ಮೇಲೆ ತನ್ನ ಮುಖ ನೋಡಿಕೊಳ್ಳುವ ಹೊಳಪಿನ ಪದರವನ್ನು."

ಶಂಭುಲಿಂಗ ಎದ್ದು, ಗುಡ್ಡದಾಚೆಯ ಹಳ್ಳಿಗೆ ಹೊರಡಲು ಗಂಟು ಕಟ್ಟತೊಡಗಿದ.