ಸೊಪ್ಪು ಒಣಗಿದ ಸುದ್ದಿ

ಧಾರವಾಡದ ಒಂದು ಕಾಲೇಜಿನಲ್ಲಿ ಅಂತರರಾಷ್ಟ್ರೀಯ ಯುವ ಸಮ್ಮೇಳನ ನಡೆದಿತ್ತು. ವಿದ್ಯಾರ್ಥಿಗಳು ತಾವೇ ಯೋಚಿಸಿ, ತಾವೇ ಮುಂದೆ ನಿಂತು ಮಾಡಿದ ಕೆಲಸಗಳನ್ನು ಅಲ್ಲಿ ಹಂಚಿಕೊಳ್ಳಬೇಕು. ಹೊರದೇಶಗಳಿಂದಲೂ ಮಕ್ಕಳು ಬಂದಿದ್ದರು. ಬಂದವರನ್ನು ಕರೆದು ಕೂರಿಸುವುದು, ಯಾರ ಸರದಿ ಯಾವಾಗ ಎಂದು ನೋಡಿಕೊಳ್ಳುವುದು, ನಮ್ಮ ಮಕ್ಕಳ ಕನ್ನಡವನ್ನು ಇಂಗ್ಲಿಷಿನಲ್ಲಿ ಹೇಳುವುದು, ಎಲ್ಲವೂ ವೈಜಯಂತಿಯ ಪಾಲಿಗೆ ಬಂದಿತ್ತು. ಅವಳು ಅದೇ ಕಾಲೇಜಿನ ಬಿ.ಎ. ವಿದ್ಯಾರ್ಥಿನಿ. ಬೆಳಗಿನಿಂದ ಓಡಾಡಿ ಕಾಲು ಸೋತಿದ್ದರೂ ಅವಳಿಗೆ ಖುಷಿಯೇ ಖುಷಿ.

ಊಟವಾದ ಮೇಲೆ ಹುಲಿಗೆಮ್ಮ ವೇದಿಕೆ ಹತ್ತಿದಳು. ಕೊಪ್ಪಳ ಕಡೆಯ ಹಳ್ಳಿಶಾಲೆಯ ಹುಡುಗಿ. ಅವರ ಶಾಲೆಯಲ್ಲಿ ಮಕ್ಕಳು ಕೈ ತೊಳೆದ ನೀರು ಸುಮ್ಮನೆ ಹರಿದು ಹೋಗುತ್ತಿತ್ತು. ಹುಲಿಗೆಮ್ಮ ಮತ್ತು ಗೆಳತಿಯರು ಅದನ್ನು ಕೈತೋಟಕ್ಕೆ ತಿರುಗಿಸಿ, ಬಿಸಿಯೂಟಕ್ಕೆ ಸೊಪ್ಪು ಬೆಳೆಯಲು ಹೊರಟಿದ್ದರು. ಪರದೆಯ ಮೇಲೆ ಹಚ್ಚಹಸಿರು ಮಡಿಗಳ ಚಿತ್ರ ಬಂತು. ಸಭೆ ಚಪ್ಪಾಳೆ ತಟ್ಟಿತು. ಸಮ್ಮೇಳನದ ಹೊಣೆ ಹೊತ್ತಿದ್ದ ಇಟಗಿ ಸರ್ ಮುಂದಿನ ಸಾಲಿನಲ್ಲಿ ಹಿಗ್ಗಿ ಕೂತಿದ್ದರು.

ಆಗ ಕೀನ್ಯಾದ ಅಚಿಯೆಂಗ್ ಎಂಬ ಹುಡುಗಿ ಎದ್ದು ಇಂಗ್ಲಿಷಿನಲ್ಲಿ ಕೇಳಿದಳು: "ಸೊಪ್ಪು ಚೆನ್ನಾಗಿ ಬಂತೇ? ನಾವು ಊರಿಗೆ ಹೋದ ಕೂಡಲೇ ನಮ್ಮ ಶಾಲೆಗಳಲ್ಲಿ ಹೀಗೇ ಮಾಡಬೇಕೆಂದಿದ್ದೇವೆ."

ವೈಜಯಂತಿ ಅದನ್ನು ಕನ್ನಡದಲ್ಲಿ ಕೇಳಿದಳು. ಹುಲಿಗೆಮ್ಮನ ಮುಖ ಸಣ್ಣದಾಯಿತು.

"ಇಲ್ರಿ ಅಕ್ಕಾರ. ಈ ಫೋಟೋ ಮೊದಲಿಂದು. ಆಮ್ಯಾಲ ಪಾಲಕ, ಮೆಂತ್ಯೆ ಎಲ್ಲಾ ಸುಟ್ಟಂಗಾಗಿ ಒಣಗಿ ಹೋದ್ವು. ಸಾಬೂನಿನ ನೀರಿಗೆ ತಡೀಲಿಲ್ರಿ. ಬಾಳಿ ಗಿಡ ಅಷ್ಟ ಉಳದಾವ."

ವೈಜಯಂತಿ ಇಟಗಿ ಸರ್ ಕಡೆ ನೋಡಿದಳು. ಅವರು ಬೇಡವೆಂದು ಮೆಲ್ಲಗೆ ತಲೆಯಾಡಿಸಿದರು. ಹೊರದೇಶದವರ ಮುಂದೆ ನಮ್ಮ ಮಾನ ಹೋಗುವುದು ಬೇಡ ಎಂಬುದು ಅವರ ಮನಸ್ಸು. ಚೆನ್ನಾಗಿ ಬಂತು ಎಂದು ಒಂದೇ ಮಾತು ಹೇಳಿದರೆ ಮತ್ತೊಮ್ಮೆ ಚಪ್ಪಾಳೆ ಬೀಳುತ್ತಿತ್ತು. ಆದರೆ ಅಚಿಯೆಂಗ್ ಉತ್ತರಕ್ಕಾಗಿ ನಿಂತೇ ಇದ್ದಳು. ಆ ಮಾತನ್ನು ನಂಬಿ ಅಷ್ಟು ದೂರದ ಊರಿನಲ್ಲಿ ಮಕ್ಕಳು ಮಡಿ ಅಗೆಯುತ್ತಾರೆ, ಬೀಜ ಬಿತ್ತುತ್ತಾರೆ, ಕೊನೆಗೆ ಒಣಗಿದ ಸೊಪ್ಪು ನೋಡಿ ಅಳುತ್ತಾರೆ.

ವೈಜಯಂತಿ ಉಸಿರೆಳೆದುಕೊಂಡು, ಹುಲಿಗೆಮ್ಮ ಹೇಳಿದ್ದನ್ನು ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿದಳು.

ಹುಲಿಗೆಮ್ಮ ತಲೆ ತಗ್ಗಿಸಿ ನಿಂತಳು. ಅಚಿಯೆಂಗ್ ಮಾತ್ರ ಸರಸರನೆ ವೇದಿಕೆಗೆ ಬಂದು ಅವಳ ಕೈ ಹಿಡಿದುಕೊಂಡಳು.

"ನೀನು ಹೇಳದೇ ಹೋಗಿದ್ದರೆ ನಾವೂ ಸೊಪ್ಪನ್ನೇ ಹಾಕುತ್ತಿದ್ದೆವು. ಬಾಳೆ ಹೇಗೆ ನೆಟ್ಟಿರಿ, ಅದನ್ನು ಹೇಳು."

ವೈಜಯಂತಿ ಅದನ್ನು ಕನ್ನಡದಲ್ಲಿ ಹೇಳಿದಾಗ ಹುಲಿಗೆಮ್ಮನ ಮುಖ ಅರಳಿತು. ಕಪ್ಪುಹಲಗೆಯ ಹತ್ತಿರ ಹೋಗಿ ಕಾಲುವೆ, ಗುಂಡಿ, ಬಾಳೆ ಎಲ್ಲವನ್ನೂ ಬರೆದು ತೋರಿಸಿದಳು. ಸ್ವಲ್ಪ ಹೊತ್ತಿನಲ್ಲೇ ಹಲಗೆಯ ಸುತ್ತ ನಾಲ್ಕಾರು ದೇಶದ ಮಕ್ಕಳು ಗುಂಪುಗೂಡಿದರು. ಆ ಗದ್ದಲ ನೋಡಿ ವೈಜಯಂತಿಯ ಮನಸ್ಸು ಹಗುರಾಯಿತು.

ಮುಂದಿನ ಸರದಿ ನೇಪಾಳದ ಹುಡುಗನದು. ಅವನು ಅವಳ ಬಳಿ ಬಂದು ಮೆಲ್ಲಗೆ ಕೇಳಿದ: "ದೀದಿ, ನಮ್ಮ ಕೆಲಸದಲ್ಲೂ ಒಂದು ಎಡವಟ್ಟಾಗಿದೆ. ಅದನ್ನೂ ಹೇಳಲೇ?"

ಅವಳು ಉತ್ತರಿಸುವ ಮೊದಲೇ ಹಿಂದಿನಿಂದ, ಹಲಗೆಯ ಸುತ್ತ ನೆರೆದ ಮಕ್ಕಳನ್ನೇ ನೋಡುತ್ತ ನಿಂತಿದ್ದ ಇಟಗಿ ಸರ್ ದನಿ ಕೇಳಿಸಿತು.

"ಹೇಳ್ಲಿ ಬಿಡವಾ. ಅವಗ ಇನ್ನಷ್ಟು ಟೈಮ್ ಕೊಡು."

ನೀತಿ: ಗೆದ್ದದ್ದನ್ನು ಹೇಳಿದರೆ ಕೇಳಿದವರು ಮೆಚ್ಚುತ್ತಾರೆ, ಸೋತದ್ದನ್ನೂ ಇದ್ದಂತೆ ಹೇಳಿದರೆ ಅವರು ಸೋಲುವುದು ತಪ್ಪುತ್ತದೆ. ನಮ್ಮ ಮಾತನ್ನು ನಂಬಿ ಹೆಜ್ಜೆ ಇಡುವವರಿಂದ ನಿಜವನ್ನು ಮುಚ್ಚಿಡಬಾರದು.